ಕರೆಂಟ್ ಬಂದ ಮೇಲೆ

ಬಳ್ಳಾರಿಯಿಂದ ಹೊಸಪೇಟೆ ರಸ್ತೆ ಹಿಡಿದರೆ ಕುಡತಿನಿ ಹತ್ತಿರ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಮೂರು ಘಟಕ, ಒಟ್ಟು 1,700 ಮೆಗಾವಾಟ್. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಳ್ಳಲ್ಲ. ಅದೇ ಜಿಲ್ಲೆಯ ಸಿರುಗುಪ್ಪದಲ್ಲಿ ಮೇ ತಿಂಗಳ ಒಂದು ಸಂಜೆ ಗಾಳಿ ಎದ್ದು ನಾಲ್ಕು ಹನಿ ಬಿದ್ದರೆ ಸಾಕು, ಕರೆಂಟ್ ಹೋಗುತ್ತದೆ. ಲೈನ್‌ಮನ್ ಎಲ್‌ಸಿ (ಲೈನ್ ಆಫ್ ಮಾಡಿಸುವ ಅನುಮತಿ) ತಗೊಂಡು ಕಂಬ ಹತ್ತಿದ್ದಾನಂತೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿದರೆ ಇನ್ನು ಒಂದೆರಡು ತಾಸು ಬಿಟ್ಟುಬಿಡಿ ಎಂದೇ ಅರ್ಥ. ಆಮೇಲೆ ಕರೆಂಟ್ ಬರುತ್ತದೆ. ಫ್ಯಾನು ತಿರುಗುತ್ತದೆ, ಫ್ರಿಜ್ಜು ಗುಂಯ್‌ಗುಡುತ್ತದೆ, ಯಾರನ್ನೂ ಕೇಳದೆ ಎಲ್ಲವೂ ಮೊದಲಿನಂತೆ ನಡೆಯತೊಡಗುತ್ತದೆ.

ಒಂದು ಸಾಧನ ಮಾತ್ರ ಹಾಗಲ್ಲ. ಅಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಸಿರುಗುಪ್ಪದಲ್ಲಿ ಭತ್ತದ ವ್ಯಾಪಾರದ ಕುಟುಂಬ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಟಿವಿ ಸ್ಟ್ಯಾಂಡಿನ ಹಿಂದೆ ದಪ್ಪ ನಿಘಂಟಿನಷ್ಟು ದೊಡ್ಡದಾದ ಒಂದು ಕಂಪ್ಯೂಟರನ್ನು ಅವಳೇ ಇಟ್ಟುಹೋಗಿದ್ದಾಳೆ. ಅದಕ್ಕೆ ಪರದೆಯಿಲ್ಲ, ಕೀಬೋರ್ಡ್ ಇಲ್ಲ. ಒಂದು ಕರೆಂಟ್ ವೈರು, ಒಂದು ಲ್ಯಾನ್ ಕೇಬಲ್, ಮುಂದೊಂದು ನೀಲಿ ದೀಪ, ಅಷ್ಟೇ. ಗೋದಾಮಿನ ಸಿಸಿಟಿವಿ ದೃಶ್ಯ, ಅಂಗಡಿಯ ಲೆಕ್ಕ, ಪಹಣಿ ಮತ್ತು ಆಧಾರ್‌ಗಳ ಸ್ಕ್ಯಾನ್ ಪ್ರತಿ, ಮೂರು ತಲೆಮಾರಿನ ಫೋಟೊ ಎಲ್ಲವೂ ಅದರೊಳಗಿವೆ. ಮನೆಯವರ ಬಾಯಲ್ಲಿ ಅದು ‘ಡಬ್ಬಿ’.

ಡಬ್ಬಿಯ ಡಿಸ್ಕಿಗೆ ಅವಳು ಗೂಢಲಿಪಿಯ ಬೀಗ ಹಾಕಿದ್ದಾಳೆ. ಕಳ್ಳ ಒಯ್ದರೆ ಡಬ್ಬಿಯ ಬೆಲೆಯಷ್ಟೇ ನಷ್ಟ. ಅದರೊಳಗಿನ ಆಧಾರ್ ಪ್ರತಿ ಯಾರದೋ ಕೈಗೆ ಹೋದರೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ. ಕಳ್ಳತನವೇ ಆಗಬೇಕೆಂದೇನೂ ಇಲ್ಲ. ಕೆಟ್ಟುಹೋದ ಡಿಸ್ಕನ್ನು ವಾರಂಟಿಗೆ ವಾಪಸು ಕಳಿಸುವಾಗ, ಹಳೆಯದನ್ನು ಗುಜರಿಗೆ ಹಾಕುವಾಗಲೂ ಇದೇ ಭಯ. ಬೀಗವಿದ್ದರೆ ನಿಶ್ಚಿಂತೆ. ಆದರೆ ಆ ಬೀಗ ಪ್ರತಿ ಸಲ ಡಬ್ಬಿ ಆನ್ ಆದಾಗಲೂ ಪಾಸ್‌ವರ್ಡ್ ಕೇಳುತ್ತದೆ. ಪರದೆಯೇ ಇಲ್ಲದ್ದರಿಂದ ಕೇಳುತ್ತಿರುವುದು ಯಾರಿಗೂ ಕಾಣುವುದಿಲ್ಲ. ನೀಲಿ ದೀಪ ಹತ್ತಿರುತ್ತದೆ, ಡಬ್ಬಿ ಕಾಯುತ್ತಿರುತ್ತದೆ.

“ಅಪ್ಪಾ, ಕೀಬೋರ್ಡ್ ಹಚ್ಚಿ ನಾ ಹೇಳಿದ್ದು ಟೈಪ್ ಮಾಡು.”

“ದೊಡ್ಡ ಎಸ್ಸೋ ಸಣ್ಣ ಎಸ್ಸೋ? ಇಲ್ಲಿ ಏನೂ ಕಾಣಂಗಿಲ್ಲಲ್ಲವಾ.”

ಇಪ್ಪತ್ತೆಂಟು ಅಕ್ಷರದ ಗುಟ್ಟಿನ ಪದವನ್ನು ಫೋನಿನಲ್ಲಿ ಕೂಗಿ ಹೇಳಿ, ಪರದೆಯಿಲ್ಲದೆ ಟೈಪ್ ಮಾಡಿಸುವ ಈ ಪದ್ಧತಿ ಹೆಚ್ಚು ದಿನ ನಡೆಯುವಂಥದಲ್ಲ. ಅದಲ್ಲದೆ ಪಕ್ಕದ ಮನೆಯವರಿಗೂ ಅದು ಬಾಯಿಪಾಠವಾಗಿಬಿಡುತ್ತದೆ.

ದೂರದಿಂದ ಬೀಗ ತೆಗೆಯುವುದು ಹೇಗೆ ಎಂದು ನೋಡುವ ಮೊದಲು ಬೀಗದ ರಚನೆ ಗೊತ್ತಿರಬೇಕು. ಲಿನಕ್ಸ್ ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿರುವುದು ಲಕ್ಸ್ ಎಂಬ ವ್ಯವಸ್ಥೆ. ಡಿಸ್ಕಿನ ಮಾಹಿತಿಯನ್ನೆಲ್ಲ ಅದು ಎಇಎಸ್ ಎಂಬ ಸೂತ್ರದಿಂದ ಕಲಸುತ್ತದೆ. ಬೆಲ್ಜಿಯಂನ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರಚಿಸಿದ ಈ ಸೂತ್ರವನ್ನು 2001ರಲ್ಲಿ ಅಮೆರಿಕ ತನ್ನ ಮಾನದಂಡವಾಗಿ ಒಪ್ಪಿಕೊಂಡಿತು. ನಾವು ಟೈಪ್ ಮಾಡುವ ಪಾಸ್‌ವರ್ಡಿನಿಂದಲೇ ಡಿಸ್ಕ್ ಕಲಸಿಹೋಗುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ನಡೆಯುವುದು ಬೇರೆ. ಕಂಪ್ಯೂಟರ್ ತಾನೇ ಯದ್ವಾತದ್ವಾ ಅಂಕಿಗಳ ಒಂದು ಮೂಲ ಕೀ ಹುಟ್ಟಿಸಿ, ಅದರಿಂದ ಡಿಸ್ಕನ್ನು ಕಲಸುತ್ತದೆ. ಆ ಮೂಲ ಕೀಯನ್ನು ಡಿಸ್ಕಿನ ಆರಂಭದ ಭಾಗದಲ್ಲೇ, ಹೆಡರಿನಲ್ಲಿ, ನಮ್ಮ ಪಾಸ್‌ವರ್ಡಿನಿಂದ ಮುಚ್ಚಿಡುತ್ತದೆ. ತಿಜೋರಿಯ ಒಂದೇ ಕೀಯ ನಕಲುಗಳನ್ನು ಹಲವು ಪುಟ್ಟ ಪೆಟ್ಟಿಗೆಗಳಲ್ಲಿಟ್ಟು, ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಬೀಗ ಜಡಿದಂತೆ. ಹಳೆಯ ಲಕ್ಸ್‌ನಲ್ಲಿ ಅಂಥ ಎಂಟು ಪೆಟ್ಟಿಗೆಗಳಿದ್ದವು, ಈಗಿನದರಲ್ಲಿ ಮೂವತ್ತೆರಡರವರೆಗೆ ಇಡಬಹುದು. ಮಗಳ ಪಾಸ್‌ವರ್ಡ್ ಒಂದು, ಯಂತ್ರವೇ ತೆಗೆಯುವ ಬೀಗ ಇನ್ನೊಂದು, ಆಪತ್ಕಾಲಕ್ಕೆ ಕಾಗದದಲ್ಲಿ ಬರೆದಿಟ್ಟದ್ದು ಮತ್ತೊಂದು. ಯಾವುದನ್ನಾದರೂ ಅಳಿಸಿ ಹೊಸದು ಹಾಕಬಹುದು, ಡಿಸ್ಕಿನ ಮಾಹಿತಿಯನ್ನು ಮುಟ್ಟಬೇಕಾಗಿಲ್ಲ. ಈ ಅಧ್ಯಾಯದಲ್ಲಿ ಮುಂದೆ ಬರುವುದೆಲ್ಲ ನಿಂತಿರುವುದು ಈ ಒಂದು ಅನುಕೂಲದ ಮೇಲೆ.

ಪಾಸ್‌ವರ್ಡನ್ನು ಊಹಿಸುತ್ತ ಕೂರುವ ಕಳ್ಳನನ್ನು ಸತಾಯಿಸಲು ಆರ್ಗಾನ್2 ಎಂಬ ಇನ್ನೊಂದು ಸೂತ್ರವಿದೆ. 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದದ್ದು. ಪ್ರತಿ ಊಹೆಗೂ ಅದು ಬೇಕೆಂದೇ ಸುಮಾರು ಎರಡು ಸೆಕೆಂಡು ಮತ್ತು ರಾಶಿಗಟ್ಟಲೆ ಮೆಮೊರಿ ತಿನ್ನುತ್ತದೆ. ಒಮ್ಮೆ ಟೈಪ್ ಮಾಡುವ ಒಡತಿಗೆ ಎರಡು ಸೆಕೆಂಡು ಏನೂ ಅಲ್ಲ. ಕೋಟಿ ಕೋಟಿ ಊಹೆ ಮಾಡಬೇಕಾದ ಕಳ್ಳನ ಆಯುಷ್ಯವೇ ಅದರಲ್ಲಿ ಕಳೆದುಹೋಗುತ್ತದೆ.

ಈಗ ಡಬ್ಬಿ ಏಳುವ ಕ್ರಮ. ಕರೆಂಟ್ ಬಂದೊಡನೆ ತಾನೇ ಆನ್ ಆಗುವಂತೆ ಮದರ್‌ಬೋರ್ಡಿನ ಬಯೋಸ್‌ನಲ್ಲಿ ಒಂದು ಆಯ್ಕೆ ಇರುತ್ತದೆ, ಅದನ್ನು ಮೊದಲೇ ಹಾಕಿಡಬೇಕು. ಬಯೋಸ್ ಎದ್ದು ಬೂಟ್‌ಲೋಡರನ್ನು ಎಬ್ಬಿಸುತ್ತದೆ. ಬೂಟ್‌ಲೋಡರು ಲಿನಕ್ಸಿನ ಕರ್ನೆಲ್ಲನ್ನೂ ಅದರ ಜೊತೆಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಕಿರು ವ್ಯವಸ್ಥೆಯನ್ನೂ ಮೆಮೊರಿಗೆ ತುಂಬುತ್ತದೆ. ಈ ಕಿರು ವ್ಯವಸ್ಥೆಯ ಕೆಲಸ ಮುಖ್ಯವಾಗಿ ಒಂದೇ, ನಿಜವಾದ ಡಿಸ್ಕಿನ ಬೀಗ ತೆಗೆಸಿ, ಅಧಿಕಾರ ಹಸ್ತಾಂತರಿಸಿ ಮಾಯವಾಗುವುದು. ಬೀಗದ ಹೊರಗೇ ಇರಬೇಕಾದ್ದರಿಂದ ಇದಕ್ಕೆ ಬೀಗವಿರುವುದಿಲ್ಲ. ಡಬ್ಬಿ ಕಾಯುತ್ತ ಕೂರುವುದು ಈ ಹಂತದಲ್ಲಿ.

ಇಲ್ಲಿಯೇ, ದೂರದಿಂದ ಭದ್ರವಾಗಿ ಒಳಗೆ ಬರಲು ಬಿಡುವ ಒಂದು ಪುಟ್ಟ ಎಸ್‌ಎಸ್‌ಎಚ್ ಸರ್ವರನ್ನು ಕೂರಿಸಿಬಿಟ್ಟರೆ? ಮ್ಯಾಟ್ ಜಾನ್‌ಸ್ಟನ್ ಬರೆದ ಡ್ರಾಪ್‌ಬೇರ್ ಎಂಬ ತಂತ್ರಾಂಶ ಅದಕ್ಕೆ ಹೇಳಿ ಮಾಡಿಸಿದಂತಿದೆ. ಡೆಬಿಯನ್, ಉಬುಂಟುಗಳಲ್ಲಿ ಇನಿಟ್‌ರಾಮ್‌ಎಫ್‌ಎಸ್ ಒಳಗೆ ಸೇರುವ ಅದರ ಪ್ಯಾಕೇಜ್ ಸಿದ್ಧವಾಗಿಯೇ ಸಿಗುತ್ತದೆ. ಬೆಂಗಳೂರಿನಿಂದ ಮಗಳು ತನ್ನ ಎಸ್‌ಎಸ್‌ಎಚ್ ಕೀ ಹಿಡಿದು ಒಳಗೆ ಬಂದು, ಕ್ರಿಪ್ಟ್‌ರೂಟ್-ಅನ್‌ಲಾಕ್ ಎಂಬ ಆಜ್ಞೆ ಕೊಟ್ಟು, ಪಾಸ್‌ವರ್ಡ್ ಟೈಪ್ ಮಾಡಿದರೆ ಡಿಸ್ಕ್ ತೆರೆದುಕೊಳ್ಳುತ್ತದೆ, ಸಂಪರ್ಕ ತಾನೇ ಕಡಿದುಹೋಗುತ್ತದೆ, ಅರ್ಧ ನಿಮಿಷದಲ್ಲಿ ನಿಜವಾದ ಸರ್ವರ್ ಎದ್ದು ನಿಲ್ಲುತ್ತದೆ.

ಕಾಗದದ ಮೇಲೆ ಇಷ್ಟು ಸಲೀಸು. ಬಳ್ಳಾರಿ ಸೀಮೆಯ ಮನೆಯಲ್ಲಿ ಇದು ಎಲ್ಲೆಲ್ಲಿ ಎಡವುತ್ತದೆ ನೋಡಿ. ಕರೆಂಟ್ ಬಂದಾಗ ಡಬ್ಬಿ ಮತ್ತು ಫೈಬರ್ ಮೋಡೆಮ್ ಒಟ್ಟಿಗೇ ಏಳುತ್ತವೆ. ಡಬ್ಬಿಗೆ ಇಪ್ಪತ್ತು ಸೆಕೆಂಡು ಸಾಕು, ಮೋಡೆಮ್‌ಗೆ ಒಂದೆರಡು ನಿಮಿಷ ಬೇಕು. ಡಬ್ಬಿ ವಿಳಾಸ ಕೊಡಿ ಎಂದು ಕೂಗುವಾಗ ಕೊಡುವವರಿನ್ನೂ ಎದ್ದಿರುವುದಿಲ್ಲ. ಕೂಗಿ ಕೂಗಿ ಸುಮ್ಮನಾಗುತ್ತದೆ. ಅದಕ್ಕೇ ಸ್ಥಿರ ವಿಳಾಸವನ್ನು ಮೊದಲೇ ಬರೆದಿಡುವುದು ಮೇಲು. ವೈಫೈ ಅಂತೂ ಈ ಹಂತದಲ್ಲಿ ಸುಲಭಕ್ಕೆ ಏಳುವುದಿಲ್ಲ, ಲ್ಯಾನ್ ಕೇಬಲ್ ಬೇಕೇ ಬೇಕು.

ಮುಂದಿನದು ವಿಳಾಸದ ಬರ. ಹಳೆಯ ಐಪಿ ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಹಾಗಾಗಿ ನಮ್ಮಲ್ಲಿ ಬಹಳಷ್ಟು ಇಂಟರ್‌ನೆಟ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ನಿಮ್ಮ ರೂಟರಿನ ಹೊರಗಿನ ವಿಳಾಸ 100.64ರಿಂದ 100.127ರೊಳಗೆ ಶುರುವಾದರೆ ನೀವೂ ಆ ಗುಂಪಿನಲ್ಲಿದ್ದೀರಿ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನಿಂದ ಒಳಗೆ ಬರುವ ದಾರಿಯಿಲ್ಲ. ಆಗ ಡಬ್ಬಿಯೇ ಹೊರಕ್ಕೆ ಸುರಂಗ ಕೊರೆಯಬೇಕು. ವೈರ್‌ಗಾರ್ಡ್ ಎಂಬ ಸುರಂಗದ ತಂತ್ರಾಂಶ 2020ರಲ್ಲಿ ಲಿನಕ್ಸ್ ಕರ್ನೆಲ್ಲಿನಲ್ಲೇ ಸೇರಿಕೊಂಡಿದೆ, ಅದನ್ನು ಕಿರು ವ್ಯವಸ್ಥೆಯೊಳಗೂ ಇಡಬಹುದು. ಆದರೆ ಅದಕ್ಕೂ ಒಂದು ಹಟವಿದೆ. ಹಳೆಯ ಸಂದೇಶವನ್ನೇ ಯಾರಾದರೂ ಕದ್ದು ಮತ್ತೆ ಕಳಿಸಬಾರದೆಂದು ಅದು ಪ್ರತಿ ಕೈಕುಲುಕಿನಲ್ಲೂ ಗಡಿಯಾರದ ಸಮಯ ಹಾಕುತ್ತದೆ. ಹಿಂದೆ ನೋಡಿದ್ದಕ್ಕಿಂತ ಹಳೆಯ ಸಮಯ ಬಂದರೆ ಆಚೆ ತುದಿ ಉತ್ತರವನ್ನೇ ಕೊಡುವುದಿಲ್ಲ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದ ಡಬ್ಬಿ ತಾನಿನ್ನೂ ಯಾವುದೋ ಹಳೆಯ ವರ್ಷದಲ್ಲಿದ್ದೇನೆಂದು ನಂಬಿರುತ್ತದೆ. ಸುರಂಗ ಕಟ್ಟುವುದಿಲ್ಲ. ಚಿಲ್ಲರೆ ಬೆಲೆಯ ಬ್ಯಾಟರಿಯಿಂದ ಇಡೀ ಏರ್ಪಾಟು ಮಲಗುತ್ತದೆ.

ಇನ್ವರ್ಟರ್ ಇದ್ದರೆ ಇದೆಲ್ಲ ತಪ್ಪುತ್ತದಲ್ಲ ಎನ್ನಬಹುದು. ಅರ್ಧ ನಿಜ. ಕರೆಂಟಿನಿಂದ ಬ್ಯಾಟರಿಗೆ ಹಾರುವ ಗಳಿಗೆಯಲ್ಲಿ ಫ್ಯಾನಿಗೆ ಗೊತ್ತಾಗದ ಕುಲುಕು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಬಹಳಷ್ಟು ಇನ್ವರ್ಟರುಗಳ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ, ಯಾರೂ ಅದನ್ನು ನೋಡಿರುವುದಿಲ್ಲ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಒಂದು ಮೂಲಭೂತ ತೊಡಕು ಉಳಿಯುತ್ತದೆ. ಬಳ್ಳಾರಿ ಕೋಟೆಯ ಬಗ್ಗೆ ಊರಲ್ಲಿ ಒಂದು ಪ್ರತೀತಿಯಿದೆ. ಹೈದರ್ ಅಲಿ ಕೋಟೆಯನ್ನು ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರ್ ಒಬ್ಬನಿಂದ ಅದನ್ನು ಬಲಪಡಿಸಿದನಂತೆ. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಅಲ್ಲಿ ತೋಪು ಇಟ್ಟರೆ ಕೋಟೆ ಮುಗಿದಂತೆ. ಎಂಜಿನಿಯರನನ್ನು ಗಲ್ಲಿಗೇರಿಸಿದರೆಂದು ಕಥೆ. ಗೋಡೆಯ ದಪ್ಪ ಅಳೆಯುತ್ತ ಕೂತವನು ಶತ್ರು ಎಲ್ಲಿ ನಿಲ್ಲುತ್ತಾನೆಂದು ನೋಡಲಿಲ್ಲ.

ನಮ್ಮ ಡಬ್ಬಿಯ ಕುಂಬಾರ ಗುಡ್ಡ ಆ ಬೀಗವಿಲ್ಲದ ಕಿರು ವ್ಯವಸ್ಥೆ. ಎಇಎಸ್ ಎಷ್ಟೇ ಗಟ್ಟಿಯಿದ್ದರೂ, ಮನೆಗೆ ಬಂದವನೊಬ್ಬ ಹತ್ತು ನಿಮಿಷ ಡಬ್ಬಿಯ ಜೊತೆ ಏಕಾಂತದಲ್ಲಿದ್ದರೆ ಇನಿಟ್‌ರಾಮ್‌ಎಫ್‌ಎಸ್ ಬದಲಿಸಿ, ಮುಂದಿನ ಸಲ ಟೈಪ್ ಮಾಡುವ ಪಾಸ್‌ವರ್ಡನ್ನು ನಕಲು ಮಾಡುವಂತೆ ಮಾಡಬಹುದು. ಪೋಲೆಂಡಿನ ಭದ್ರತಾ ಸಂಶೋಧಕಿ ಯೋಆನ್ನಾ ರುಟ್ಕೋವ್‌ಸ್ಕಾ 2009ರಲ್ಲೇ ಇಂಥ ದಾಳಿಯನ್ನು ಮಾಡಿ ತೋರಿಸಿದ್ದಾರೆ. ಡ್ರಾಪ್‌ಬೇರಿನ ಗುರುತಿನ ಕೀ ಕೂಡ ಅಲ್ಲೇ ಬಯಲಿನಲ್ಲಿರುತ್ತದೆ. ಅದಕ್ಕೇ ಮುಖ್ಯ ವ್ಯವಸ್ಥೆಯ ಎಸ್‌ಎಸ್‌ಎಚ್ ಗುರುತನ್ನೇ ಇಲ್ಲೂ ಬಳಸಬಾರದು.

ಆದರೆ ಸಿರುಗುಪ್ಪದ ಭತ್ತದ ವ್ಯಾಪಾರಿಯ ಮನೆಗೆ ಅಂಥ ಚತುರ ಗೂಢಚಾರ ಬರುತ್ತಾನೆಯೇ? ಬರುವವನು ಡಬ್ಬಿ ಎತ್ತಿಕೊಂಡು ಹೋಗುವ ಕಳ್ಳ. ಅವನಿಗೆ ಲಿನಕ್ಸ್ ಬೇಕಿಲ್ಲ, ಮಾರಿದರೆ ಬರುವ ದುಡ್ಡು ಬೇಕು. ಚತುರರ ಇನ್ನೊಂದು ವಿದ್ಯೆಗೂ ಇಲ್ಲಿ ಅಷ್ಟಾಗಿ ಅಂಜಬೇಕಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಮೆಮೊರಿ ಚಿಪ್ಪನ್ನು ಮೈನಸ್ 50 ಡಿಗ್ರಿಗೆ ತಣಿಸಿ, ಕರೆಂಟ್ ತೆಗೆದ ಮೇಲೂ ಅದರಲ್ಲಿ ಉಳಿದಿದ್ದ ಕೀಯನ್ನು ಓದಿ ತೋರಿಸಿತು. ಚಿಪ್ ಬಿಸಿಯಿದ್ದಷ್ಟೂ ನೆನಪು ಬೇಗ ಅಳಿಯುತ್ತದೆ. ನಲವತ್ತೆರಡು ಡಿಗ್ರಿಯ ನಮ್ಮ ಬೇಸಿಗೆಯಿಂದ ಆಗುವ ಒಂದೇ ಉಪಕಾರ ಇದಿರಬೇಕು.

ಯಾವ ಕಳ್ಳನಿಗೆ ಅಂಜಬೇಕೆಂದು ತೀರ್ಮಾನವಾದರೆ, ರಾತ್ರಿ ಎರಡು ಗಂಟೆಗೆ ಮಗಳು ಏಳಬೇಕಾದ ಅಗತ್ಯವೂ ತಪ್ಪುತ್ತದೆ. ಡಬ್ಬಿ ತನ್ನ ಬೀಗ ತಾನೇ ತೆಗೆದುಕೊಳ್ಳುವಂತೆ ಮಾಡಬಹುದು. ಮೊದಲ ದಾರಿ ಟಿಪಿಎಂ, ಮದರ್‌ಬೋರ್ಡಿನಲ್ಲೇ ಇರುವ ಒಂದು ಭದ್ರತಾ ಚಿಪ್ಪು. ಬಯೋಸ್, ಬೂಟ್‌ಲೋಡರ್, ಕರ್ನೆಲ್ ಒಂದೊಂದನ್ನೂ ಅಳೆದು, ಎಲ್ಲ ಮೊದಲಿನಂತೆಯೇ ಇದ್ದರೆ ಮಾತ್ರ ಅದು ಕೀ ಬಿಟ್ಟುಕೊಡುತ್ತದೆ. ಯಾರಾದರೂ ಕಿರು ವ್ಯವಸ್ಥೆಯನ್ನು ಬದಲಿಸಿದ್ದರೆ ಅಳತೆ ತಪ್ಪುತ್ತದೆ. ಕರ್ನೆಲ್ ಅಪ್‌ಡೇಟ್ ಆದರೂ ತಪ್ಪಬಹುದು, ಅದು ಬೇರೆ ಗೋಳು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಇಡೀ ಡಬ್ಬಿಯನ್ನೇ ಒಯ್ದರೆ ಟಿಪಿಎಂ ಕೂಡ ಜೊತೆಗೇ ಹೋಗುತ್ತದೆ, ಕಳ್ಳನ ಮನೆಯಲ್ಲೂ ನಿಷ್ಠೆಯಿಂದ ಬೀಗ ತೆಗೆಯುತ್ತದೆ. 2024ರಲ್ಲಿ ಒಬ್ಬ ಸಂಶೋಧಕ ಹತ್ತು ಡಾಲರಿಗಿಂತ ಕಡಿಮೆ ಖರ್ಚಿನ ಸಲಕರಣೆಯಿಂದ, ಹಳೆಯ ಲ್ಯಾಪ್‌ಟಾಪೊಂದರ ಟಿಪಿಎಂ ಮತ್ತು ಪ್ರೊಸೆಸರ್ ನಡುವಿನ ತಂತಿಗೆ ಕಿವಿಗೊಟ್ಟು 43 ಸೆಕೆಂಡಿನಲ್ಲಿ ಡಿಸ್ಕಿನ ಕೀ ತೆಗೆದ. ಒಂಟಿಯಾಗಿ ಟಿಪಿಎಂ ನನಗೆ ಸಾಲದು.

ಎರಡನೆಯ ದಾರಿ ಟ್ಯಾಂಗ್. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಗಣಿತ ಇರುವುದು ಇಲ್ಲಿ. ರೆಡ್‌ಹ್ಯಾಟ್ ಕಂಪನಿಯ ನಥಾನಿಯಲ್ ಮೆಕಾಲಮ್ ಮತ್ತು ಬಾಬ್ ರೆಲಿಯಾ ಅವರ ಸೂತ್ರ ಇದು. ಬಳ್ಳಾರಿಯ ಚಿಕ್ಕಮ್ಮನ ಮನೆಯಲ್ಲಿ ಟ್ಯಾಂಗ್ ತಂತ್ರಾಂಶವಿರುವ ಇನ್ನೊಂದು ಪುಟ್ಟ ಕಂಪ್ಯೂಟರ್ ಇದೆ ಎನ್ನಿ. ಸಿರುಗುಪ್ಪದ ಡಬ್ಬಿ ಎದ್ದಾಗ ಅದನ್ನು ಕೇಳಿ ಕೀ ಪಡೆಯುತ್ತದೆ. ಆದರೆ ಬಳ್ಳಾರಿಯ ಯಂತ್ರದ ಬಳಿ ಕೀ ಇರುವುದಿಲ್ಲ! ಕೊಡುವಾಗಲೂ ತಾನೇನು ಕೊಟ್ಟೆ ಎಂದು ಅದಕ್ಕೆ ತಿಳಿಯುವುದಿಲ್ಲ.

ಸಣ್ಣ ಅಂಕಿಗಳಲ್ಲಿ ಮಾಡಿ ನೋಡೋಣ. ಎಲ್ಲರಿಗೂ ಗೊತ್ತಿರುವ ಸಂಖ್ಯೆ 5. ಬಳ್ಳಾರಿಯ ಗುಟ್ಟು 6, ಅದು ಬಹಿರಂಗಪಡಿಸುವುದು 5×6, ಅಂದರೆ 30. ಸಿರುಗುಪ್ಪದ ಡಬ್ಬಿ ಬೀಗ ಹಾಕುವ ದಿನ ತನ್ನದೊಂದು ಗುಟ್ಟು 4 ಆರಿಸಿಕೊಳ್ಳುತ್ತದೆ. 5×4, ಅಂದರೆ 20 ಬರೆದಿಟ್ಟುಕೊಳ್ಳುತ್ತದೆ. ಬಳ್ಳಾರಿಯ 30ನ್ನು ತನ್ನ 4ರಿಂದ ಗುಣಿಸಿದರೆ 120, ಅದೇ ಕೀ. ಡಿಸ್ಕಿಗೆ ಬೀಗ ಬಿತ್ತು. ಈಗ ಡಬ್ಬಿ 4 ಮತ್ತು 120 ಎರಡನ್ನೂ ಮರೆತುಬಿಡುತ್ತದೆ. ಅದರ ಬಳಿ ಉಳಿದದ್ದು 20 ಮತ್ತು 30 ಮಾತ್ರ.

ಕರೆಂಟ್ ಹೋಗಿ ಬಂತು. ಡಬ್ಬಿ ಆ ಕ್ಷಣಕ್ಕೆ ಹೊಸದೊಂದು ಸಂಖ್ಯೆ ಆರಿಸುತ್ತದೆ, 9 ಎನ್ನಿ. 5×9 ಅಂದರೆ 45. ಅದನ್ನು 20ಕ್ಕೆ ಕೂಡಿಸಿ 65 ಎಂದು ಬಳ್ಳಾರಿಗೆ ಕಳಿಸುತ್ತದೆ. ಬಳ್ಳಾರಿ ತನ್ನ ಗುಟ್ಟಿನಿಂದ ಗುಣಿಸಿ 390 ಎಂದು ವಾಪಸು ಕಳಿಸುತ್ತದೆ. ಡಬ್ಬಿ 30×9, ಅಂದರೆ 270 ಕಳೆಯುತ್ತದೆ. ಉಳಿದದ್ದು 120. ದಾರಿಯಲ್ಲಿ ಯಾರಾದರೂ ಕದ್ದು ಕೇಳಿದರೆ ಕಾಣುವುದು 65 ಮತ್ತು 390, ಮುಂದಿನ ಸಲ 9ರ ಬದಲು ಬೇರೆ ಸಂಖ್ಯೆ ಬರುವುದರಿಂದ ಅವೂ ಬದಲಾಗುತ್ತವೆ. ಬಳ್ಳಾರಿ ಯಂತ್ರಕ್ಕೂ 120 ಎಂದೂ ಕಾಣಿಸಲಿಲ್ಲ.

20ನ್ನು 5ರಿಂದ ಭಾಗಿಸಿದರೆ 4 ಸಿಕ್ಕೇಬಿಟ್ಟಿತಲ್ಲ ಎಂದು ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆ. ನಿಜವಾದ ಟ್ಯಾಂಗ್ ಬಳಸುವುದು 521 ಬಿಟ್‌ಗಳ ಎಲಿಪ್ಟಿಕ್ ಕರ್ವ್ ಗಣಿತ. ಅಲ್ಲಿ ಗುಣಿಸುವುದು ಕ್ಷಣದ ಕೆಲಸ, ಹಿಂದಕ್ಕೆ ಭಾಗಿಸುವ ದಾರಿ ಇಂದಿನ ಯಾವ ಕಂಪ್ಯೂಟರಿಗೂ ಎಟುಕುವುದಿಲ್ಲ. 1976ರಲ್ಲಿ ಡಿಫಿ ಮತ್ತು ಹೆಲ್ಮನ್ ತೆರೆದ ಹಾದಿಯ ಮುಂದುವರಿಕೆ ಇದು. ಇನ್ನೊಂದು ಸಂಶಯವೂ ಇಲ್ಲೇ ತೀರುತ್ತದೆ. ಬಳ್ಳಾರಿಯಲ್ಲೂ ಕರೆಂಟ್ ಹೋಗುತ್ತದಲ್ಲ, ಆ ಯಂತ್ರದ ಬೀಗ ತೆಗೆಯುವವರು ಯಾರು? ಅದಕ್ಕೆ ಬೀಗವೇ ಬೇಡ. ಅದರ ಗುಟ್ಟನ್ನು ಕದ್ದರೂ ಸಿರುಗುಪ್ಪದ ಡಿಸ್ಕ್ ಕೈಯಲ್ಲಿಲ್ಲದಿದ್ದರೆ ಪ್ರಯೋಜನವಿಲ್ಲ.

ಎರಡೂ ಕಡೆ ಒಟ್ಟಿಗೆ ಕರೆಂಟ್ ಹೋದರೆ? ಕುರುಗೋಡಿನಲ್ಲಿ, ದೊಡ್ಡಬಸವೇಶ್ವರ ಗುಡಿಯ ಓಣಿಯಲ್ಲಿ, ಸೋದರಮಾವನ ಮನೆಯಿದೆ ಎನ್ನಿ. ಅಲ್ಲೂ ಒಂದು ಟ್ಯಾಂಗ್ ಇಡೋಣ. ಈಗ ಆದಿ ಶಮೀರ್ 1979ರಲ್ಲಿ ಕೊಟ್ಟ ಉಪಾಯ ಬಳಸಬಹುದು. ಕೀ 120 ತಾನೆ? ಅದಕ್ಕೆ ಗುಟ್ಟಿನ ಒಂದು ಏರಿಕೆ, 7, ಸೇರಿಸುತ್ತ ಹೋಗಿ. 127, 134, 141. ಮೊದಲನೆಯ ಪಾಲಿಗೆ ಡಬ್ಬಿಯ ಟಿಪಿಎಂ ತೆಗೆಯುವ ಬೀಗ, ಎರಡನೆಯದಕ್ಕೆ ಬಳ್ಳಾರಿಯದು, ಮೂರನೆಯದಕ್ಕೆ ಕುರುಗೋಡಿನದು. ಯಾವ ಎರಡು ಸಿಕ್ಕರೂ ಸಾಕು. ಟಿಪಿಎಂ ಮತ್ತು ಕುರುಗೋಡು ಸಿಕ್ಕವು ಎನ್ನಿ, ಎರಡು ಹೆಜ್ಜೆಗೆ ಏರಿಕೆ 14, ಒಂದಕ್ಕೆ 7, ಮೊದಲಿನದರಿಂದ 7 ಕಳೆದರೆ 120. ಒಂದೇ ಪಾಲು ಸಿಕ್ಕವನಿಗೆ ಏನೂ ತಿಳಿಯುವುದಿಲ್ಲ, ಏರಿಕೆ ಎಷ್ಟೆಂದು ಗೊತ್ತಿಲ್ಲದೆ 127ರ ಹಿಂದೆ ಯಾವ ಸಂಖ್ಯೆ ಬೇಕಾದರೂ ಇರಬಹುದು. ಲಿನಕ್ಸಿನ ಕ್ಲೆವಿಸ್ ಎಂಬ ತಂತ್ರಾಂಶ ಇದೆಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ಬಳ್ಳಾರಿಯಲ್ಲಿ ಕರೆಂಟ್ ಇಲ್ಲದಿದ್ದರೆ ಕುರುಗೋಡು, ಕುರುಗೋಡಿನ ಫೈಬರ್ ಕಡಿದಿದ್ದರೆ ಬಳ್ಳಾರಿ. ಎರಡೂ ಇಲ್ಲದ ಕೆಟ್ಟ ರಾತ್ರಿಗೆ ಡ್ರಾಪ್‌ಬೇರ್ ಇದ್ದೇ ಇದೆ.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಊರಿಂದೂರಿಗೆ ಹೋಗುವ ವೈರ್‌ಗಾರ್ಡ್ ಸುರಂಗದ ಕೀ ಬೀಗವಿಲ್ಲದ ಕಿರು ವ್ಯವಸ್ಥೆಯಲ್ಲೇ ಇದೆ. ಕಳ್ಳ ಇಡೀ ಡಬ್ಬಿಯನ್ನು ಒಯ್ದು ತನ್ನ ಮನೆಯ ಇಂಟರ್‌ನೆಟ್ಟಿಗೆ ಸಿಕ್ಕಿಸಿದರೆ, ಡಬ್ಬಿ ಪಾಪ ಅಲ್ಲಿಂದಲೂ ಬಳ್ಳಾರಿಗೆ ಕರೆ ಮಾಡಿ ಬೀಗ ತೆಗೆದುಕೊಳ್ಳುತ್ತದೆ. ಲಾಗಿನ್ ಪಾಸ್‌ವರ್ಡೊಂದೇ ಆಮೇಲಿನ ತಡೆ. ಆದರೂ ನಾನು ಇದನ್ನೇ ಆರಿಸುವುದು ಏಕೆಂದರೆ, ಟಿಪಿಎಂ ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯಲಾಗದು, ಟ್ಯಾಂಗ್ ಕೊಟ್ಟದ್ದನ್ನು ಪಡೆಯಬಹುದು. ಡಬ್ಬಿ ಕಾಣೆಯಾಗಿದೆ ಎಂದು ಅಪ್ಪ ಫೋನ್ ಮಾಡಿದ ಗಳಿಗೆಯಲ್ಲಿ ಮಗಳು ಎರಡೂ ಊರಿನ ಯಂತ್ರಗಳಲ್ಲಿ ಸಿರುಗುಪ್ಪದ ಸುರಂಗವನ್ನು ಅಳಿಸಿದರೆ ಆಯಿತು. ಅದೂ ಆಗದಿದ್ದರೆ ಚಿಕ್ಕಮ್ಮನಿಗೂ ಮಾವನಿಗೂ ಹೇಳಿ ಪ್ಲಗ್ ಕೀಳಿಸಬೇಕು. ಪೊಲೀಸ್ ಠಾಣೆಗೆ ಹೋಗುವುದು ಆಮೇಲೆ.

ಇಷ್ಟರ ಮೇಲೆ ಮಾಡಬೇಕಾದ್ದು ಎರಡು ಕೆಲಸ. ಮೂಲ ಕೀ ಕೂತಿರುವ ಆ ಹೆಡರ್ ಈಗಿನ ಲಕ್ಸ್‌ನಲ್ಲಿ ಸಾಮಾನ್ಯವಾಗಿ 16 ಮೆಬಿಬೈಟ್, ಒಂದೆರಡು ಫೋಟೊಗಳಷ್ಟು. ವೋಲ್ಟೇಜ್ ಏರಿಳಿದು ಡಿಸ್ಕಿನ ಆ ಜಾಗವೊಂದೇ ಕೆಟ್ಟರೂ ಉಳಿದದ್ದೆಲ್ಲ ಶಾಶ್ವತವಾಗಿ ಕಸ, ಸರಿಯಾದ ಪಾಸ್‌ವರ್ಡ್ ಗೊತ್ತಿದ್ದವರಿಗೂ. ಅದರ ಪ್ರತಿ ಬೇರೆ ಕಡೆ ಇರಬೇಕು, ಆಪತ್ಕಾಲದ ಪಾಸ್‌ವರ್ಡ್ ಕಾಗದದ ಮೇಲೆ ಬ್ಯಾಂಕ್ ಲಾಕರಿನಲ್ಲಿ, ಒಡವೆಗಳ ಜೊತೆ. ಇನ್ನೊಂದು ಪರೀಕ್ಷೆ. ದೀಪಾವಳಿಗೆ ಮಗಳು ಊರಿಗೆ ಬಂದಾಗ ಮೇನ್ ಸ್ವಿಚ್ ಆರಿಸಿ, ಮತ್ತೆ ಹಾಕಿ, ಏನನ್ನೂ ಮುಟ್ಟದೆ ಡಬ್ಬಿ ಏಳುತ್ತದೋ ಇಲ್ಲವೋ ನೋಡಬೇಕು. ಆಮೇಲೆ ಬಳ್ಳಾರಿಯ ಯಂತ್ರ ಆರಿಸಿ ಮತ್ತೊಮ್ಮೆ, ಕುರುಗೋಡಿನದನ್ನೂ ಆರಿಸಿ ಇನ್ನೊಮ್ಮೆ. ಮೂರನೆಯ ಸಲ ಅದು ಏಳಬಾರದು. ಎದ್ದರೆ ಯಾವುದೋ ಪೆಟ್ಟಿಗೆಗೆ ಬೀಗ ಹಾಕುವುದೇ ಮರೆತಿದೆ.